ಟಿಕೆಟ್ ಉಚಿತವಾಯಿತು, ದಾರಿ?

ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಬೆಂಗಳೂರಿನ ಗೊರಗುಂಟೆಪಾಳ್ಯ ಜಂಕ್ಷನ್ ನೋಡಬೇಕು. ತುಮಕೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ಜಾಗ. ಲಾರಿ, ಆಟೊ, ಊರುಗಳಿಂದ ಬಂದಿಳಿಯುವ ಬಸ್ಸುಗಳ ಗದ್ದಲದ ನಡುವೆ ಹೆಂಗಸರು ಗುಂಪುಗುಂಪಾಗಿ ನಿಂತಿರುತ್ತಾರೆ. ಹೆಗಲಿಗೆ ವ್ಯಾನಿಟಿ ಬ್ಯಾಗು, ಕೈಯಲ್ಲಿ ಊಟದ ಡಬ್ಬಿಯ ಚೀಲ, ಕೊರಳಿಗೆ ಕಾರ್ಖಾನೆಯ ಐಡಿ ಕಾರ್ಡು. ಕೂದಲಿನ ತೇವ ಇನ್ನೂ ಆರಿರುವುದಿಲ್ಲ. ಬಸ್ಸು ತಿರುವಿನಲ್ಲಿ ಕಂಡಿತೋ, ಬೋರ್ಡು ಓದುವಷ್ಟರಲ್ಲಿ ಕಾಲು ಓಡತೊಡಗುತ್ತದೆ. ಡ್ರೈವರ್ ಸ್ಟಾಪ್ ದಾಟಿ ನಿಲ್ಲಿಸಿದರೆ ಗುಂಪೂ ಅಲ್ಲಿಗೇ ಓಡಬೇಕು. ಮುಂಬಾಗಿಲಲ್ಲಿ ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತುವಾಗ ಕಂಡಕ್ಟರ್ ದನಿ: "ಒಳಗಡೆ ಹೋಗ್ರಮ್ಮಾ, ಮಧ್ಯೆ ಜಾಗ ಇದೆ."

ಇದೇ ಹೊತ್ತಿಗೆ ಬೊಮ್ಮನಹಳ್ಳಿಯಲ್ಲೂ ಮೈಸೂರು ರಸ್ತೆಯಲ್ಲೂ ಕಾಡುಗೋಡಿಯಲ್ಲೂ ಇದೇ ನೋಟ. ಹೊಲಿಗೆ ಯಂತ್ರದ ಮುಂದೆ ಕೂರುವವರು, ಆಸ್ಪತ್ರೆಯ ಆಯಾಗಳು, ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮಾಡುವವರು, ಶಾಲೆಯ ಟೀಚರುಗಳು, ಬ್ಯಾಂಕಿನವರು, ನನ್ನಂತೆ ಆಫೀಸಿಗೆ ಹೋಗುವವರು, ಎಲ್ಲರೂ ಒಂದೇ ಕಂಬಿ ಹಿಡಿದು ನೇತಾಡುತ್ತೇವೆ. ಈ ಊರಿನಲ್ಲಿ ಬಸ್ಸು, ಮೆಟ್ರೊ ಹತ್ತಿ ಇಳಿಯುತ್ತಲೇ ವರ್ಷಗಳನ್ನು ಕಳೆದವಳು ನಾನು. ನನಗೆ ಅನ್ನಿಸುವುದು ಇಷ್ಟು: ಗಂಡಸಿನ ಓಡಾಟ, ಹೆಂಗಸಿನ ಓಡಾಟ ಎರಡೂ ಒಂದೇ ರಸ್ತೆಯ ಮೇಲೆ ನಡೆದರೂ ಅವುಗಳ ಲೆಕ್ಕ ಬೇರೆ. ನಗರದ ಸಾರಿಗೆ ಯೋಜನೆ ಹಾಕುವವರು ಮಾತ್ರ ಇಂದಿಗೂ ಮೊದಲನೆಯದರ ಲೆಕ್ಕವನ್ನಷ್ಟೇ ಹಾಕುತ್ತಿದ್ದಾರೆ.

ನಡುವೆ ಇಳಿಯುವವರು

2011ರ ಜನಗಣತಿಯಲ್ಲಿ ದುಡಿಯುವವರನ್ನು ಎರಡು ಪ್ರಶ್ನೆ ಕೇಳಿದರು. ಕೆಲಸದ ಜಾಗ ಮನೆಯಿಂದ ಎಷ್ಟು ದೂರ? ಯಾವುದರಲ್ಲಿ ಹೋಗುತ್ತೀರಿ? ಉಪಯುಕ್ತ ಪ್ರಶ್ನೆಗಳೇ. ಆದರೆ ಮನೆ ಮತ್ತು ಕೆಲಸದ ನಡುವೆ ಎಲ್ಲೆಲ್ಲಿ ಇಳಿಯುತ್ತೀರಿ, ಯಾಕೆ ಇಳಿಯುತ್ತೀರಿ ಎಂದು ಯಾರೂ ಕೇಳಲಿಲ್ಲ. ಹೆಂಗಸರ ದಿನ ಇರುವುದೇ ಆ ಇಳಿದಾಣಗಳಲ್ಲಿ.

ಬೆಳಿಗ್ಗೆ ಮಗುವನ್ನು ಅಂಗನವಾಡಿಗೋ ಅಮ್ಮನ ಮನೆಗೋ ಬಿಡಬೇಕು. ಸಂಜೆ ಕರೆದುಕೊಂಡು ಬರಬೇಕು. ದಾರಿಯಲ್ಲಿ ತರಕಾರಿ, ಅತ್ತೆಯ ಬಿಪಿ ಮಾತ್ರೆ, ಮಿಲ್‌ಗೆ ಕೊಟ್ಟ ಹಿಟ್ಟು. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ತೊಡಗುವ ಗಂಡಸರು 88 ನಿಮಿಷ. ಹೀಗಿರುವಾಗ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ನೇರ ಗೆರೆ ಎಳೆಯಲು ಹೆಂಗಸರಿಗೆ ಎಲ್ಲಿ ಸಾಧ್ಯ?

ಹೆಂಗಸರಿಗೆ ಬಸ್ಸು ಉಚಿತವಾಗುವ ಮೊದಲು ಈ ಇಳಿದಾಣಗಳಿಗೆಲ್ಲ ದಂಡ ತೆರಬೇಕಿತ್ತು. ಬಿಎಂಟಿಸಿ ಬಸ್ಸಿನಲ್ಲಿ ಒಂದೇ ಟಿಕೆಟ್ಟಿನಲ್ಲಿ ಇಳಿದು ಮತ್ತೆ ಹತ್ತುವ ಹಾಗಿಲ್ಲ. ದರ ಏರುವುದು ಹಂತದ ಮೇಲೆ. ದೂರಕ್ಕೆ ಒಂದೇ ಟಿಕೆಟ್ ತೆಗೆದರೆ ಅಗ್ಗ, ಅದೇ ದೂರವನ್ನು ಮೂರು ತುಂಡು ಮಾಡಿದರೆ ದುಬಾರಿ. ಸೀದಾ ಮನೆಗೆ ಹೋಗುವವನಿಗಿಂತ ಮಗುವನ್ನು ಕರೆದುಕೊಂಡು, ಸೊಪ್ಪು ಕೊಂಡು ಹೋಗುವವಳು ಹೆಚ್ಚು ಕೊಡುತ್ತಿದ್ದಳು. ದಿನದ ಪಾಸು 70 ರೂಪಾಯಿ, ತಿಂಗಳ ಪಾಸು 1,050 ರೂಪಾಯಿ ಇದ್ದ ಕಾಲದಲ್ಲಿ ಗಾರ್ಮೆಂಟ್ಸ್‌ನ ಸಂಬಳದಲ್ಲಿ ಅದಕ್ಕೆ ದುಡ್ಡು ತೆಗೆದಿಡುವುದು ಸುಲಭವಿರಲಿಲ್ಲ. ಹಾಗಾಗಿ ಬಹಳ ಮಂದಿ ನಡೆದರು.

ಒಂದು ಸಂಜೆ ಪೀಣ್ಯದ ಕಡೆಯಿಂದ ಬರುವಾಗ ಪಕ್ಕದಲ್ಲಿ ಕೂತವಳು ಮಹಾಲಕ್ಷ್ಮಿ ಲೇಔಟಿನಲ್ಲಿ ಇಳಿಯಲು ಎದ್ದಳು. ಅಮ್ಮನ ಮನೆಯಿಂದ ಮಗಳನ್ನು ಕರೆದುಕೊಂಡು ಲಗ್ಗೆರೆಗೆ ಹೋಗಬೇಕಂತೆ. "ಮೊದ್ಲು ಇವಳನ್ನ ಸೊಂಟದ ಮೇಲೆ ಹೊತ್ಕೊಂಡು ನಡೀತಿದ್ದೆ ಅಕ್ಕ, ಎರಡು ಸ್ಟಾಪ್‌ಗೆ ಯಾಕೆ ದುಡ್ಡು ಅಂತ. ಈಗ ಎರಡೇ ಸ್ಟಾಪ್ ಆದ್ರೂ ಹತ್ತುತೀನಿ. ಮನೆಗೆ ಹೋಗಿ ಕುಕ್ಕರ್ ಇಡೋಕೆ ಅರ್ಧ ಗಂಟೆ ಸಿಗುತ್ತೆ." ಹೇಳುತ್ತಲೇ ಜನರ ನಡುವೆ ನುಸುಳಿ ಬಾಗಿಲು ಸೇರಿದಳು. ಆ ಅರ್ಧ ಗಂಟೆ ಯಾವ ಸರ್ಕಾರಿ ಲೆಕ್ಕದಲ್ಲೂ ಬರುವುದಿಲ್ಲ.

ಶೂನ್ಯ ಟಿಕೆಟ್ ಯಾಕೆ ಬೇಕು?

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನಗರ, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ರಾಜ್ಯದೊಳಗೆ ದುಡ್ಡು ಕೊಡದೆ ಓಡಾಡಬಹುದು. ರಾಜಹಂಸ, ಐರಾವತ, ಸ್ಲೀಪರ್, ಬೆಂಗಳೂರಿನ ಎಸಿ ವಜ್ರ, ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಇದರಲ್ಲಿ ಸೇರಿಲ್ಲ. ಗಡಿ ದಾಟುವ ಬಸ್ಸಿಗೂ ಅನ್ವಯಿಸುವುದಿಲ್ಲ. ಬೆಂಗಳೂರಿನ ನಗರ ಬಸ್ಸುಗಳನ್ನು ಬಿಟ್ಟು ಉಳಿದ ನಿಗಮಗಳ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು.

ಉಚಿತ ಅಂದಮೇಲೆ ಟಿಕೆಟ್ ಯಾಕೆ ಎಂದು ಈಗಲೂ ಬಸ್ಸಿನಲ್ಲಿ ಜಗಳವಾಗುತ್ತದೆ. ನಾಲ್ಕು ಸ್ಟಾಪ್ ಮೊದಲೇ ಕೈ ಚಾಚಿ "ಆಧಾರ್ ತೋರಿಸಿ, ಟಿಕೆಟ್ ತಗೊಳ್ಳಿ" ಎಂದು ಕಂಡಕ್ಟರ್ ಒತ್ತಾಯಿಸುವುದು ಬಹಳ ಜನಕ್ಕೆ ಕಿರಿಕಿರಿ. ಕಾರಣ ಸರಳ. ಆ ಶೂನ್ಯ ಟಿಕೆಟ್ ನಿಗಮ ಸರ್ಕಾರಕ್ಕೆ ಕೊಡುವ ಬಿಲ್ಲು. ಹೆಂಗಸರು ಎಷ್ಟು ಪ್ರಯಾಣ ಮಾಡಿದರು, ಅದರ ದರ ಎಷ್ಟಾಗುತ್ತಿತ್ತು ಎಂಬ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುತ್ತದೆ. ಟಿಕೆಟ್ ಪಡೆಯದೆ ಇಳಿದವಳ ಪ್ರಯಾಣ ನಡೆದೇ ಇಲ್ಲ ಎಂದಾಗುತ್ತದೆ, ನಿಗಮಕ್ಕೆ ನಷ್ಟ. ತನಿಖೆಯವರು ಬಂದರೆ ಕಂಡಕ್ಟರ್ ಉತ್ತರ ಹೇಳಬೇಕು. ಹಾಗಾಗಿ ಆ ಚೀಟಿಯನ್ನು ಇಳಿಯುವ ತನಕ ಜೋಪಾನವಾಗಿ ಇಟ್ಟುಕೊಳ್ಳಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

2025ರ ಜುಲೈ ಮಧ್ಯದ ಹೊತ್ತಿಗೆ ಹೀಗೆ ಕೊಟ್ಟ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ದಾಟಿತು. ಅದೇ ವರ್ಷದ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿ, ಬಿಎಂಟಿಸಿಯ ಕನಿಷ್ಠ ದರ 5ರಿಂದ 6 ರೂಪಾಯಿ ಆಯಿತು, ತಿಂಗಳ ಪಾಸು 1,200ಕ್ಕೆ ಹೋಯಿತು. ಆ ಏರಿಕೆಯ ಬಿಸಿ ನೇರವಾಗಿ ತಟ್ಟಿದ್ದು ಗಂಡಸರಿಗೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಕೂಲಿಗೆ ಹೋಗುವ ಗಂಡಸಿಗೂ ಈ ಹಣ ದೊಡ್ಡದೇ.

'ಸುಮ್ನೆ ಸುತ್ತಾಡ್ತಾರೆ'

ಆದರೆ ಅದೇ ಬೇಸರ ಬಸ್ಸಿನೊಳಗೆ ಬೇರೆ ರೂಪ ತಳೆಯುತ್ತದೆ. "ಫ್ರೀ ಮಾಡಿದ್ದೇ ಮಾಡಿದ್ದು, ಕೆಲಸ ಇಲ್ದಿದ್ರೂ ಸುತ್ತಾಡ್ತಾರೆ." ಈ ಮಾತು ಕೇಳದೆ ವಾರ ಕಳೆಯುವುದಿಲ್ಲ. ಯೋಜನೆ ಶುರುವಾದ ಹೊಸದರಲ್ಲಿ ಧರ್ಮಸ್ಥಳ, ಕುಕ್ಕೆಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ ನಿಜ. ಅದಕ್ಕೆ ನಕ್ಕವರು ಬಹಳ. ಜೀವಮಾನದಲ್ಲಿ ಒಮ್ಮೆಯೂ ಗಂಡನ ಕೈಯಿಂದ ದುಡ್ಡು ಕೇಳದೆ, ಯಾರಿಗೂ ಕಾರಣ ಕೊಡದೆ ಮನೆಯಿಂದ ಹೊರಬಿದ್ದಿರದವರು ಮೊದಲ ಸಲ ಹೊರಬಿದ್ದದ್ದು ಆಗ. ದೇವರ ದರ್ಶನ ಅನ್ನುವುದು ಮನೆಯಲ್ಲಿ ಯಾರೂ ಬೇಡ ಎನ್ನಲಾರದ ಕಾರಣ. ಅವರು ದೇವಸ್ಥಾನವನ್ನೂ ನೋಡಿದರು, ಘಾಟಿಯ ಮಳೆಯನ್ನೂ ನೋಡಿದರು.

ಶಿಲ್ಪಾ ಫಡ್ಕೆ, ಸಮೀರಾ ಖಾನ್ ಮತ್ತು ಶಿಲ್ಪಾ ರಾನಡೆ 2011ರಲ್ಲಿ ಮುಂಬೈ ಕುರಿತು ಬರೆದ 'ವೈ ಲಾಯ್ಟರ್' ಪುಸ್ತಕದ ಮುಖ್ಯ ವಾದ ಇದೇ. ಹೊರಗೆ ಕಾಣಿಸಿಕೊಳ್ಳುವ ಹೆಂಗಸು ಸದಾ ಯಾವುದೋ ಕೆಲಸದ ಮೇಲೆ ಹೊರಟವಳ ಹಾಗೆ ತೋರಬೇಕು. ಕಾರಣವಿಲ್ಲದೆ ನಿಂತರೆ ಅನುಮಾನ. ನಮ್ಮದೇ ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜಾ ಶುರುಮಾಡಿದ 'ಬ್ಲ್ಯಾಂಕ್ ನಾಯ್ಸ್' ಬಳಗದ ಹೆಂಗಸರು ಪಾರ್ಕುಗಳಿಗೆ ಹೋಗಿ ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡುವ ಕಾರ್ಯಕ್ರಮವನ್ನೇ ನಡೆಸಿದರು. ಗಂಡಸರು ಯಾವ ಪಾರ್ಕಿನ ಕಲ್ಲುಬೆಂಚಿನ ಮೇಲೂ ಟವೆಲ್ ಮುಚ್ಚಿಕೊಂಡು ಮಲಗುತ್ತಾರೆ. ಹೆಂಗಸು ಮಲಗಿದರೆ ನಾಲ್ಕು ಜನ ಬಂದು ಏನಾಯಿತು ಎಂದು ಕೇಳುತ್ತಾರೆ. ಸುಮ್ಮನೆ ಸುತ್ತಾಡುವುದು ಹೆಂಗಸರಿಗೂ ಸಲ್ಲಬೇಕು ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಬಸ್ಸು ತುಂಬಿದೆ ಎಂದರೆ ಬಸ್ಸು ಕಡಿಮೆಯಿದೆ ಎಂದರ್ಥ. ಸಿಟ್ಟು ಹೋಗಿ ತಟ್ಟಬೇಕಾದ ಬಾಗಿಲು ಬೇರೆ.

ಮೆಟ್ರೊದ ಲೆಕ್ಕ

ನಮ್ಮ ಮೆಟ್ರೊ 2011ರ ಅಕ್ಟೋಬರ್‌ನಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡತೊಡಗಿದಾಗ ಅದೊಂದು ಜಾತ್ರೆಯಂತಿತ್ತು. ಇಂದು ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಇದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ತೆರೆಯಿತು. ಮೊದಲ ಬೋಗಿ ಹೆಂಗಸರಿಗೆ. ಅಲ್ಲಿ ನಿಂತು ಹೋಗುವಾಗಲೂ ಭುಜ ಸಡಿಲ ಬಿಡಬಹುದು. ಬೆಳಕಿದೆ, ಸಿಬ್ಬಂದಿ ಇದ್ದಾರೆ, ಮುಂದಿನ ರೈಲು ಎಷ್ಟು ಹೊತ್ತಿಗೆ ಅನ್ನುವುದು ಬೋರ್ಡಿನ ಮೇಲಿದೆ. ನನ್ನ ಮಟ್ಟಿಗೆ ಈ ಕೊನೆಯದು ಎಲ್ಲಕ್ಕಿಂತ ದೊಡ್ಡ ಸಮಾಧಾನ. ಕತ್ತಲಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ.

ಆದರೆ ಮೆಟ್ರೊ ಉಚಿತವಲ್ಲ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಇದರ ಪರಿಣಾಮ ಮನೆಯೊಳಗೆ ಕಾಣುತ್ತದೆ. ಗಂಡ ಬೈಕಿನಲ್ಲೋ ಮೆಟ್ರೊದಲ್ಲೋ ಹೋಗುತ್ತಾನೆ, ಹೆಂಡತಿ 'ಹೇಗೂ ಬಸ್ಸು ಫ್ರೀ ಇದೆಯಲ್ಲ' ಎಂದು ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಹಣ ಉಳಿಯಿತು, ಗಂಟೆ ಹೋಯಿತು. ಮನೆಗೆಲಸದ ಹೊರೆ ಹೆಚ್ಚಿರುವವಳಿಗೇ ನಿಧಾನದ ವಾಹನ ಪಾಲಿಗೆ ಬರುತ್ತದೆ.

ಊರಾಚೆಯಿಂದ ಬರುವವರ ಕಥೆ ಇನ್ನೂ ಬಿಗಿ. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ದುಡಿಯುವ ಜನ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲು ಹಿಡಿಯತೊಡಗಿದರು. ದಿನವೂ ಹೆಚ್ಚುಕಡಿಮೆ ನೂರು ಕಿಲೋಮೀಟರ್ ಬರುವುದು, ಅಷ್ಟೇ ಹೋಗುವುದು. ಅವರಲ್ಲಿ ಹೆಂಗಸರೂ ಇದ್ದಾರೆ. ನಸುಕಿಗೆ ಮನೆ ಬಿಟ್ಟು ರಾತ್ರಿ ಮನೆ ಸೇರುವ ಅವರಿಗೆ ಮಕ್ಕಳು ಎಚ್ಚರವಾಗಿ ಸಿಗುವುದು ಭಾನುವಾರ.

ಭುಜ, ಚೀಲ, ಸೇಫ್ಟಿ ಪಿನ್ನು

ತುಂಬಿದ ಬಸ್ಸಿನಲ್ಲಿ ಹೆಂಗಸರು ನಿಲ್ಲುವ ರೀತಿಯನ್ನು ಗಮನಿಸಿ. ಚೀಲ ಎದೆಗೆ ಒತ್ತಿರುತ್ತದೆ. ಒಂದು ಮೊಣಕೈ ಹೊರಗೆ ಚಾಚಿರುತ್ತದೆ. ಬೆನ್ನು ಸಾಧ್ಯವಾದಷ್ಟು ಕಂಬಕ್ಕೋ ಇನ್ನೊಬ್ಬ ಹೆಂಗಸಿಗೋ ಆನಿಸಿರುತ್ತದೆ. ಸೆರಗಿಗೆ ಹಾಕಿದ ಪಿನ್ನು ಕೈಗೆ ಸಿಗುವಂತಿರುತ್ತದೆ. ಇದನ್ನೆಲ್ಲ ಯಾರೂ ಕೂರಿಸಿ ಕಲಿಸಿದ್ದಲ್ಲ. ಕಾಲೇಜಿಗೆ ಹೋಗುವ ಹುಡುಗಿ ಅಕ್ಕಂದಿರನ್ನು ನೋಡಿ ಮೊದಲ ತಿಂಗಳಲ್ಲೇ ಕಲಿತುಬಿಡುತ್ತಾಳೆ.

ಕಾನೂನು ಇಲ್ಲದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ ಮೈಮೇಲೆ ಕೈ ಮಾಡುವುದಕ್ಕೆ, 75 ಲೈಂಗಿಕ ಕಿರುಕುಳಕ್ಕೆ, 78 ಹಿಂಬಾಲಿಸುವುದಕ್ಕೆ, 79 ಅಶ್ಲೀಲ ಮಾತು ಮತ್ತು ಸನ್ನೆಗೆ. 112ಕ್ಕೆ ಫೋನ್ ಮಾಡಿದರೆ ಪೊಲೀಸರು, 181 ಮಹಿಳಾ ಸಹಾಯವಾಣಿ. ಆದರೆ ಎಂಟೂ ಮುಕ್ಕಾಲಿಗೆ ಕಾರ್ಖಾನೆಯ ಗೇಟು ಮುಟ್ಟದಿದ್ದರೆ ಅರ್ಧ ದಿನದ ಸಂಬಳ ಹೋಗುವವಳು ಬಸ್ಸನ್ನು ಠಾಣೆಗೆ ತಿರುಗಿಸಿ ಎನ್ನುವುದು ಹೇಗೆ? ಅವಳೊಬ್ಬಳಿಗಲ್ಲ, ಇಡೀ ಬಸ್ಸಿಗೆ ಲೇಟಾಗುತ್ತದೆ. ಹೀಗೆ ಕಿರುಕುಳ ಕೊಡುವವನ ಪರವಾಗಿ ನಿಲ್ಲುವುದು ಗಡಿಯಾರ.

ಒಮ್ಮೆ ಇಂಥವನೊಬ್ಬನನ್ನು ಕಂಡ ಹೂವಿನ ಬುಟ್ಟಿಯ ಅಜ್ಜಿ ಗಲಾಟೆ ಮಾಡಲಿಲ್ಲ. ಬುಟ್ಟಿಯನ್ನು ಅವನಿಗೂ ಹುಡುಗಿಗೂ ನಡುವೆ ಇಟ್ಟು "ಹೂವ ನಲುಗ್ತದೆ, ಹಿಂದಕ್ಕೆ ಹೋಗಪ್ಪ" ಎಂದಳು, ಅವನು ಇಳಿಯುವವರೆಗೂ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಹೆಣ್ಣುಮಕ್ಕಳು ಹೆಚ್ಚಾದಷ್ಟೂ ಬಸ್ಸು ಸುರಕ್ಷಿತವಾಗುತ್ತದೆ ಎಂದು ನನಗೆ ಅನ್ನಿಸುವುದು ಇಂಥವರಿಂದ.

ನೀರು ಕುಡಿಯದೆ ಕಳೆಯುವ ಹಗಲು

ಇದನ್ನು ಬರೆಯುವವರು ಕಡಿಮೆ. ದೂರದ ಪ್ರಯಾಣವಿರುವ ದಿನ ಹೆಂಗಸರು ನೀರು ಕುಡಿಯುವುದಿಲ್ಲ. ಮೆಜೆಸ್ಟಿಕ್, ಶಿವಾಜಿನಗರದಂಥ ದೊಡ್ಡ ನಿಲ್ದಾಣ ಬಿಟ್ಟರೆ ದಾರಿಯಲ್ಲಿ ಶೌಚಾಲಯ ಸಿಗುವುದು ಅಪರೂಪ. ಸಿಕ್ಕರೂ ಚಿಲಕವಿಲ್ಲ, ನೀರಿಲ್ಲ, ಚೀಲ ತೂಗುಹಾಕಲು ಮೊಳೆಯಿಲ್ಲ. ತಿಂಗಳ ಆ ದಿನಗಳಲ್ಲಿ ಪ್ಯಾಡ್ ಬದಲಿಸಲು ಒಂದು ಜಾಗ, ಎಸೆಯಲು ಒಂದು ಡಬ್ಬ ಸಿಗಬೇಕಾದರೆ ಹೋಟೆಲಿಗೆ ಹೋಗಿ ಬೇಡದ ಕಾಫಿ ಕುಡಿಯಬೇಕು. ಉರಿಮೂತ್ರ, ಸೋಂಕು ಎಂದು ವೈದ್ಯರ ಬಳಿ ಹೋಗುವವರಿಗೆ ಸಿಗುವ ಮೊದಲ ಸಲಹೆ, ಹೆಚ್ಚು ನೀರು ಕುಡಿಯಿರಿ. ಬಸ್ ಕಂಡಕ್ಟರ್ ಕೆಲಸದಲ್ಲಿರುವ ಹೆಂಗಸರಿಗೆ ಇದು ಇಡೀ ಡ್ಯೂಟಿಯ ಕಷ್ಟ. ಟ್ರಿಪ್ಪಿನ ಕೊನೆಯ ಸ್ಟಾಪಿನಲ್ಲಿ ಶೌಚಾಲಯವಿದೆಯೇ ಎಂಬುದರ ಮೇಲೆ ಅವರ ದಿನ ನಿಂತಿರುತ್ತದೆ.

ಸ್ಟಾಪಿನಿಂದ ಮನೆಗೆ

ಅತಿ ಕಷ್ಟದ ಭಾಗ ಇಳಿದ ಮೇಲಿನದು. ಮುಖ್ಯರಸ್ತೆಯಲ್ಲಿ ಬಸ್ಸು ಬಿಟ್ಟು ಹೋಗುತ್ತದೆ. ಒಳರಸ್ತೆಯಲ್ಲಿ ಫುಟ್‌ಪಾತ್ ಅನ್ನುವುದು ಚಪ್ಪಡಿ ಎದ್ದ ಮೋರಿ, ಅದರ ಮೇಲೆ ನಿಲ್ಲಿಸಿದ ಬೈಕು. ಮೂರು ಕಂಬಕ್ಕೆ ಒಂದು ದೀಪ. ಖಾಲಿ ಸೈಟು ಬಂದಾಗ ನಡಿಗೆ ಚುರುಕಾಗುತ್ತದೆ, ಫೋನು ಕಿವಿಗೆ ಹೋಗುತ್ತದೆ, ಆ ಕಡೆ ಯಾರೂ ಇಲ್ಲದಿದ್ದರೂ "ಹೂಂ, ಬಂದೆ ಬಂದೆ, ಗೇಟ್ ಹತ್ರ ಬಾ" ಎಂಬ ಮಾತು ನಡೆಯುತ್ತದೆ. ಆಟೊದವರು ಇಷ್ಟು ಹತ್ತಿರಕ್ಕೆ ಬರುವುದಿಲ್ಲ, ಬಂದರೆ ದಿನದ ಉಳಿತಾಯ ಅಲ್ಲಿಗೇ ಸಂದಾಯ.

2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳು ರಾತ್ರಿ ಪಾಳಿಗೆ ಹೊರಟಾಗ ಕ್ಯಾಬ್ ಚಾಲಕನಿಂದ ಕೊಲೆಯಾದಳು. ಅದಾದ ಮೇಲೆ ಐಟಿ ಕಂಪನಿಗಳ ಕ್ಯಾಬುಗಳಿಗೆ ಬಿಗಿ ನಿಯಮ ಬಂತು. ಗಾರ್ಡ್ ಇಲ್ಲದೆ ಹೆಂಗಸನ್ನು ಮೊದಲು ಹತ್ತಿಸಬಾರದು, ಕೊನೆಗೆ ಇಳಿಸಬಾರದು. ಒಂದು ಜೀವ ಹೋದ ಮೇಲೆ ಬಂದ ಆ ನಿಯಮ ಸಾವಿರಾರು ಹುಡುಗಿಯರಿಗೆ ರಾತ್ರಿ ಕೆಲಸದ ದಾರಿ ತೆರೆಯಿತು. ಆದರೆ ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದ ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಗೆ, ಪಾಳಿ ಮುಗಿಸಿದ ಸಣ್ಣ ನರ್ಸಿಂಗ್ ಹೋಮಿನ ನರ್ಸಿಗೆ ಯಾವ ಕ್ಯಾಬೂ ಇಲ್ಲ. ಅವರ ಸುರಕ್ಷತೆ ಕೊನೆಯ ಬಸ್ಸಿನ ಹೊತ್ತಿಗೆ ಸೇರಿದ್ದು.

ಯಾರನ್ನು ಕೇಳಬೇಕು ಅನ್ನುವುದೂ ಗೋಜಲು. ಬಸ್ಸು ಬಿಎಂಟಿಸಿಯದು, ತಂಗುದಾಣ ಮತ್ತು ಬೀದಿದೀಪ ನಗರಪಾಲಿಕೆಯದು, ಗಸ್ತು ಪೊಲೀಸರದು. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಸಾವಿರಾರು ಕ್ಯಾಮೆರಾಗಳು ಬಂದಿವೆ. ಒಳ್ಳೆಯದೇ. ನಡೆದದ್ದನ್ನು ಕ್ಯಾಮೆರಾ ಆಮೇಲೆ ತೋರಿಸುತ್ತದೆ. ದೀಪ, ತೆರೆದ ಅಂಗಡಿ, ಓಡಾಡುವ ಜನ ಅಂಥದ್ದು ನಡೆಯದಂತೆ ತಡೆಯುತ್ತಾರೆ. ತಳ್ಳುಗಾಡಿಯವರನ್ನು ಎಬ್ಬಿಸಿದ ರಸ್ತೆಯಲ್ಲಿ ರಾತ್ರಿ ನಡೆದು ನೋಡಿ, ಅವರ ಗ್ಯಾಸ್‌ಲೈಟು ಎಷ್ಟು ಕಾವಲಾಗಿತ್ತು ಎಂದು ತಿಳಿಯುತ್ತದೆ.

ಕೈಯಲ್ಲೇ ಇರುವ ಮಾಹಿತಿ

ಈಗ ಮತ್ತೆ ಶೂನ್ಯ ಟಿಕೆಟ್ಟಿನ ವಿಷಯ. ಯಂತ್ರದಿಂದ ಬರುವ ಟಿಕೆಟ್ಟಿನಲ್ಲಿ ಹತ್ತಿದ ಹಂತ, ಇಳಿಯುವ ಹಂತ, ಹೊತ್ತು ಮೂರೂ ದಾಖಲಾಗುತ್ತವೆ. ಹೆಂಗಸರು ಯಾವ ಹೊತ್ತಿನಲ್ಲಿ, ಎಲ್ಲಿಂದ ಎಲ್ಲಿಗೆ, ನಡುವೆ ಎಲ್ಲಿ ಇಳಿದು ಹತ್ತುತ್ತಾರೆ ಎಂದು ಜನಗಣತಿ ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಹೀಗೆ ದಿನವೂ ಸೇರುತ್ತಿದೆ. ಸದ್ಯಕ್ಕೆ ಅದರ ಮುಖ್ಯ ಬಳಕೆ ಸರ್ಕಾರಕ್ಕೆ ಬಿಲ್ಲು ಕಳಿಸಲು.

ಅದೇ ಮಾಹಿತಿಯಿಂದ ವೇಳಾಪಟ್ಟಿ ಬರೆಯಬಹುದು. ಇಂದಿನ ವೇಳಾಪಟ್ಟಿ ಬೆಳಿಗ್ಗೆ ಮತ್ತು ಸಂಜೆಯ ಆಫೀಸ್ ಹೊತ್ತಿಗೆ ಬಸ್ಸು ಹೆಚ್ಚಿಸಿ, ಮಧ್ಯಾಹ್ನ ಇಳಿಸುತ್ತದೆ. ಶಾಲೆ ಬಿಡುವುದು, ಎರಡನೇ ಮನೆಯ ಅಡುಗೆ ಕೆಲಸಕ್ಕೆ ಹೋಗುವುದು, ಆಸ್ಪತ್ರೆಯ ಪಾಳಿ ಬದಲಾಗುವುದೆಲ್ಲ ಆ ಇಳಿಸಿದ ಹೊತ್ತಿನಲ್ಲೇ. ರಾತ್ರಿ ಎಂಟರ ನಂತರ ಹೆಚ್ಚು ಹೆಂಗಸರು ಇಳಿಯುವ ಸ್ಟಾಪುಗಳ ಪಟ್ಟಿಯನ್ನು ನಿಗಮ ತೆಗೆದು, ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಬಂದಿರುವ ಐದು ನಗರಪಾಲಿಕೆಗಳಿಗೆ ಕೊಟ್ಟರೆ ಯಾವ ಬೀದಿಯ ದೀಪ ಮೊದಲು ಹತ್ತಬೇಕು ಎಂದು ಯಾರೂ ಊಹಿಸುತ್ತ ಕೂರಬೇಕಿಲ್ಲ. ಇದಕ್ಕೆ ಹೊಸ ಸಮೀಕ್ಷೆ ಬೇಡ, ಸಲಹೆಗಾರ ಕಂಪನಿಯೂ ಬೇಡ. ಬೊಮ್ಮನಹಳ್ಳಿಯ ಕಾರ್ಖಾನೆಗಳು ಬಿಡುವ ಹೊತ್ತಿಗೆ ಬೇಗೂರಿನ ಕಡೆಗೆ ಎಷ್ಟು ಬಸ್ಸು ಬೇಕು ಎಂಬುದನ್ನು ಮುಂದಿನ ವೇಳಾಪಟ್ಟಿ ಬರೆಯುವ ಅಧಿಕಾರಿ ನಿನ್ನೆಯ ಟಿಕೆಟ್ಟುಗಳನ್ನು ನೋಡಿಯೇ ಹೇಳಬಹುದು.